ಫ್ರೆಂಡ್‌ಗೆ ಕ್ಯಾಲ್ಕ್ಯುಲಸ್ ಹೇಳಿಕೊಡೋದು ಹೇಗೆ? ಮೊದಲು ಪೆನ್ನು ಕೆಳಗಿಡಿ

ಸೆಕೆಂಡ್ ಪಿಯು ಮಕ್ಕಳು ಮೂರು ನಾಲ್ಕು ಜನ ಸೇರಿ ಮ್ಯಾಥ್ಸ್ ಮಾಡೋಣ ಅಂತ ಕೂತ್ರೆ ಹೆಚ್ಚಿನ ಸಲ ಒಂದೇ ಥರ ಆಗುತ್ತೆ. ಲೆಕ್ಕ ಬರೋ ಹುಡುಗ ಪಕ್ಕದವನ ರಫ್ ಬುಕ್ ಎಳ್ಕೊಂಡು "ಕೊಡೋ ಇಲ್ಲಿ, ಇಷ್ಟೇ ತಾನೆ" ಅಂತ ಸರಸರ ಬರೆದು ಮುಗಿಸ್ತಾನೆ, ಮಿಕ್ಕವರು ಹೂಂ ಹೂಂ ಅಂತ ತಲೆ ಆಡಿಸ್ತಾರೆ, ಮಾರನೇ ದಿನ ಅದೇ ಲೆಕ್ಕದಲ್ಲಿ ಸೈನ್ ಇದ್ದ ಕಡೆ ಕಾಸ್ ಹಾಕಿ ಕೊಟ್ರೆ ಎಲ್ಲರೂ ಮೊದಲನೇ ಲೈನ್‌ನಲ್ಲೇ ನಿಂತುಬಿಡ್ತಾರೆ. ಅಷ್ಟು ಹೊತ್ತು ಕೂತು ಪ್ರಾಕ್ಟೀಸ್ ಆಗಿದ್ದು ಬರೆದವನೊಬ್ಬನಿಗೇ. ಇದನ್ನ ಇಷ್ಟು ಸಲ ನೋಡಿದ್ದೀನಿ ಅಂದ್ರೆ, ಹೇಳಿಕೊಡೋದನ್ನೂ ಯಾರಾದ್ರೂ ಹೇಳಿಕೊಡಲೇಬೇಕು ಅನ್ನಿಸಿ ಬರೀತಿದ್ದೀನಿ.

ಎಷ್ಟು ಜನ? ಮೂರು, ಹೆಚ್ಚಂದ್ರೆ ನಾಲ್ಕು. ಐದನೆಯವರು ಬಂದ್ರೆ ಅದು ಹರಟೆ.

ಏನೇನು ಬೇಕು? ಎನ್‌ಸಿಇಆರ್‌ಟಿ ಪುಸ್ತಕ, ರಫ್ ಬುಕ್, ಪೆನ್ನು, ಅಷ್ಟೇ. ಲ್ಯಾಮಿನೇಟ್ ಮಾಡಿರೋ ಫಾರ್ಮುಲಾ ಚಾರ್ಟ್ ಅಂಗಡೀಲಿ ಸಿಗುತ್ತಲ್ಲ, ಅದನ್ನ ದಯವಿಟ್ಟು ತರಬೇಡಿ, ಕೊಸೆಕ್ ಎಕ್ಸ್ ಡೆರಿವೇಟಿವ್‌ಗೆ ಮೈನಸ್ಸೇ ಇಲ್ಲದ ಚಾರ್ಟ್ ನನ್ನ ಕಣ್ಣಿಗೆ ಬಿದ್ದಿದೆ. ಫಾರ್ಮುಲಾ ಶೀಟ್ ಅವರವರೇ ಕೈಯಲ್ಲಿ ಬರ್ಕೋಬೇಕು, ಬರೆಯುವಾಗಲೇ ಅರ್ಧ ನೆನಪಾಗುತ್ತೆ. ಫೋಟೋ ಹೊಡೆದ್ರೆ ಲೆಕ್ಕ ಬಿಡಿಸೋ ಆ್ಯಪ್‌ಗಳನ್ನ ಕೊನೇಲಿ ಉತ್ತರ ತಾಳೆ ನೋಡೋಕೆ ಬೇಕಾದ್ರೆ ಇಟ್ಕೊಳ್ಳಿ, ಮೊದಲೇ ತೆಗೆದ್ರೆ ಅವತ್ತಿನ ಓದು ಮುಗೀತು ಅಂತಲೇ ಲೆಕ್ಕ.

ಮೊದಲು ಒಬ್ಬೊಬ್ಬರೇ ಮಾಡಿ. ಇದನ್ನ ಬಿಟ್ಟೇ ಗ್ರೂಪ್ ಸ್ಟಡಿ ಹಾಳಾಗೋದು. ಅಮೆರಿಕದ ಬರ್ಕ್ಲಿ ಯೂನಿವರ್ಸಿಟೀಲಿ 1970ರ ದಶಕದಲ್ಲಿ ಯೂರಿ ಟ್ರೈಸ್‌ಮನ್ ಅನ್ನೋರು ಕ್ಯಾಲ್ಕ್ಯುಲಸ್ ಓದೋ ಹುಡುಗರನ್ನ ಹತ್ತಿರದಿಂದ ಗಮನಿಸಿದ್ರು. ಕಷ್ಟಪಟ್ಟು ಓದಿಯೂ ಹಿಂದೆ ಬೀಳ್ತಿದ್ದ ಎಷ್ಟೋ ಕಪ್ಪು ವಿದ್ಯಾರ್ಥಿಗಳು ಒಬ್ಬೊಬ್ಬರೇ ಓದ್ತಿದ್ರು, ಚೆನ್ನಾಗಿ ಮಾಡ್ತಿದ್ದ ಚೀನೀ ಮೂಲದ ವಿದ್ಯಾರ್ಥಿಗಳು ಮೊದಲು ತಾವೇ ಲೆಕ್ಕ ಮಾಡಿ ಆಮೇಲೆ ಒಟ್ಟಿಗೆ ಕೂತು ಒಬ್ಬರದ್ದನ್ನ ಇನ್ನೊಬ್ಬರು ತಿದ್ದುತ್ತಿದ್ರು. ಅದನ್ನ ನೋಡಿ ಅವರು ಶುರು ಮಾಡಿದ ವರ್ಕ್‌ಶಾಪ್‌ಗಳಲ್ಲಿ ಕಷ್ಟದ ಲೆಕ್ಕಗಳನ್ನ ಕೊಟ್ಟು ಒಟ್ಟಿಗೆ ಮಾಡಿಸ್ತಿದ್ರು, ಸುಲಭದ್ದಲ್ಲ. ಹಾಗಾಗಿ ಒಂದು ಲೆಕ್ಕಕ್ಕೆ ಹತ್ತು ನಿಮಿಷ ಎಲ್ಲರೂ ಬಾಯಿ ಮುಚ್ಚಿ ಅವರವರ ಪುಸ್ತಕದಲ್ಲೇ ಮಾಡಬೇಕು, ಒಂದು ಲೈನೂ ಬರೆಯದೇ "ನಂಗೆ ಬರ್ಲಿಲ್ಲ, ಹೇಳು" ಅನ್ನೋ ಹಾಗಿಲ್ಲ.

ಈಗ ಹೇಳಿಕೊಡೋದು. ಎಲ್ಲರೂ ಎಡವೋದು ಇಲ್ಲೇ, ಅದಕ್ಕೆ ಒಂದೇ ಲೆಕ್ಕ ಇಟ್ಕೊಂಡು ನಿಧಾನವಾಗಿ ನೋಡೋಣ. ಟ್ಯಾನ್ ಇನ್ವರ್ಸ್ ಆಫ್, ಮೇಲೆ ಕಾಸ್ ಎಕ್ಸ್ ಮೈನಸ್ ಸೈನ್ ಎಕ್ಸ್, ಕೆಳಗೆ ಕಾಸ್ ಎಕ್ಸ್ ಪ್ಲಸ್ ಸೈನ್ ಎಕ್ಸ್. ಇದನ್ನ ಡಿಫರೆನ್ಷಿಯೇಟ್ ಮಾಡಬೇಕು. ಹುಡುಗಿಯೊಬ್ಬಳು ಮುಕ್ಕಾಲು ಪುಟ ಬರೆದು ಎಲ್ಲೋ ಸಿಕ್ಕಾಕ್ಕೊಂಡಿದ್ದಾಳೆ. ಗೊತ್ತಿರೋ ಫ್ರೆಂಡ್ ನೋಡಿದ ತಕ್ಷಣ ಏನಂತಾಳೆ? "ಅಯ್ಯೋ ಕ್ವೋಷಂಟ್ ರೂಲ್ ಯಾಕೆ ಹಾಕ್ದೆ, ಇದು ಹಾಗಲ್ಲ ಕಣೇ, ಮೇಲೆ ಕೆಳಗೆ ಕಾಸ್ ಎಕ್ಸ್‌ನಿಂದ ಭಾಗಿಸು, 1 ಮೈನಸ್ ಟ್ಯಾನ್ ಬೈ 1 ಪ್ಲಸ್ ಟ್ಯಾನ್ ಬರುತ್ತೆ, ಅದು ಟ್ಯಾನ್ ಆಫ್ ಪೈ ಬೈ 4 ಮೈನಸ್ ಎಕ್ಸ್, ಟ್ಯಾನ್ ಇನ್ವರ್ಸ್ ಟ್ಯಾನ್ ಹೋಯ್ತು, ಉತ್ತರ ಮೈನಸ್ 1." ಎಲ್ಲಾ ಸರಿಯಾಗೇ ಹೇಳಿದ್ಲು, ಆದ್ರೂ ಪಕ್ಕದವಳಿಗೆ ಏನೂ ಸಿಗಲಿಲ್ಲ.

ಯಾಕಂದ್ರೆ ಕ್ವೋಷಂಟ್ ರೂಲ್ ಹಾಕಿದ್ದು ತಪ್ಪೇ ಅಲ್ಲ. ಆ ದಾರೀಲಿ ಹೋದ್ರೂ ಒಳಗಿನದ್ದರ ಡೆರಿವೇಟಿವ್ ಮೈನಸ್ 2 ಬೈ ಕಾಸ್ ಪ್ಲಸ್ ಸೈನ್ ಹೋಲ್ ಸ್ಕ್ವೇರ್ ಬರುತ್ತೆ, 1 ಪ್ಲಸ್ ಆ ಫ್ರಾಕ್ಷನ್ ಸ್ಕ್ವೇರ್ ಮಾಡಿದ್ರೆ 2 ಬೈ ಅದೇ ಹೋಲ್ ಸ್ಕ್ವೇರ್ ಬರುತ್ತೆ, ಎರಡೂ ಹೊಡೆದುಹೋಗಿ ಮೈನಸ್ 1 ಉಳಿಯುತ್ತೆ. ದಾರಿ ಸ್ವಲ್ಪ ಉದ್ದ ಅಷ್ಟೇ. ಅವಳು ಸಿಕ್ಕಾಕ್ಕೊಂಡಿದ್ದು ಕಾಸ್ ಎಕ್ಸ್ ಡೆರಿವೇಟಿವ್‌ನ ಸೈನ್ ಎಕ್ಸ್ ಅಂತ ಬರೆದು ಮೈನಸ್ ಬಿಟ್ಟಿದ್ದಕ್ಕೆ. ಶಾರ್ಟ್ ದಾರಿ ತೋರಿಸಿಬಿಟ್ರೆ ಈ ಮೈನಸ್ ತಪ್ಪು ಹಾಗೇ ಉಳ್ಕೊಳ್ಳುತ್ತೆ, ಪರೀಕ್ಷೇಲಿ ಇನ್ನೊಂದು ಲೆಕ್ಕದಲ್ಲಿ ಮತ್ತೆ ಬರುತ್ತೆ, ಜೊತೆಗೆ "ನನ್ನ ಮೆಥಡ್ಡೇ ತಪ್ಪು" ಅಂತ ಇಲ್ಲದ ಭಯ ಬೇರೆ ತಲೇಲಿ ಕೂರುತ್ತೆ.

ಅದಕ್ಕೆ ಹೀಗೆ ಮಾಡಿ. ನಿಮ್ಮ ಪೆನ್ನು ಕೆಳಗಿಡಿ, ಅವಳ ಪುಸ್ತಕ ಅವಳ ಮುಂದೇನೇ ಇರಲಿ. "ಮೊದಲಿಂದ ಓದ್ಕೊಂಡು ಬಾ, ಪ್ರತಿ ಲೈನ್ ಯಾಕೆ ಬಂತು ಹೇಳು" ಅನ್ನಿ. ಅರ್ಧದಷ್ಟು ತಪ್ಪು ಓದುವಾಗಲೇ ಅವರಿಗೇ ಕಾಣುತ್ತೆ. ಕಾಣದಿದ್ರೆ ತಪ್ಪಿರೋ ಲೈನ್ ಮೇಲೆ ಬೆರಳಿಟ್ಟು ಒಂದೇ ಒಂದು ಪ್ರಶ್ನೆ ಕೇಳಿ, "ಕಾಸ್ ಎಕ್ಸ್ ಗ್ರಾಫ್ ಸೊನ್ನೆಯಿಂದ ಪೈ ಬೈ 2ಗೆ ಹೋಗುವಾಗ ಏರುತ್ತಾ ಇಳಿಯುತ್ತಾ?" ಇಳಿಯುತ್ತೆ ಅಂದ ಮೇಲೆ ಅಲ್ಲಿ ಡೆರಿವೇಟಿವ್ ನೆಗೆಟಿವ್ ಇರಲೇಬೇಕು, ಮೈನಸ್ ಎಲ್ಲಿಂದ ಬಂತು ಅಂತ ಇನ್ನು ಬಾಯಿಪಾಠ ಮಾಡೋದೇ ಬೇಡ. ಪ್ರಶ್ನೆ ಕೇಳಿದ ಮೇಲೆ ಸುಮ್ನೆ ಇರಿ. ಈ ಸುಮ್ನೆ ಇರೋದೇ ತುಂಬ ಕಷ್ಟ, ಅರ್ಧ ನಿಮಿಷ ಆಗೋದ್ರೊಳಗೆ ಬಾಯಿಗೆ ಉತ್ತರ ಬಂದುಬಿಡುತ್ತೆ, ತಡ್ಕೊಳ್ಳಿ. ಅವಳ ದಾರೀಲಿ ಅವಳು ಉತ್ತರ ತಂದ ಮೇಲೆ, ಆಗ ಮಾತ್ರ, "ಇನ್ನೊಂದು ಚಿಕ್ಕ ದಾರಿ ಇದೆ, ಮೇಲೆ ಕೆಳಗೆ ಕಾಸ್‌ನಿಂದ ಭಾಗಿಸಿ ನೋಡು" ಅನ್ನಿ. ಎಕ್ಸ್‌ನ ಬೆಲೆ "ಮೈನಸ್ ಪೈ ಬೈ 4" ಮತ್ತು "3 ಪೈ ಬೈ 4" ನಡುವೆ ಇದ್ದರೆ ಮಾತ್ರ ಟ್ಯಾನ್ ಇನ್ವರ್ಸ್ ಟ್ಯಾನ್ ಹಾಗೆ ನೇರವಾಗಿ ಹೋಗೋದು ಅಂತಲೂ ಹೇಳಿ, ಈ ಕಂಡೀಷನ್‌ನ ಎಲ್ಲರೂ ಮರೀತಾರೆ.

ಇನ್ನೊಂದು ಮಾತು. ಕ್ಯಾಲ್ಕ್ಯುಲಸ್ ಬರಲ್ಲ ಅನ್ನೋ ಎಷ್ಟೋ ಮಕ್ಕಳಿಗೆ ನಿಜವಾಗಿ ಬರದೇ ಇರೋದು ಫಸ್ಟ್ ಪಿಯು ಟ್ರಿಗೊನೊಮೆಟ್ರಿ. ಸೈನ್ ಸ್ಕ್ವೇರ್ ಎಕ್ಸ್ ಇಂಟಿಗ್ರೇಟ್ ಮಾಡು ಅಂದ್ರೆ ಸೈನ್ ಕ್ಯೂಬ್ ಎಕ್ಸ್ ಬೈ 3 ಅಂತ ಬರೀತಾರೆ. "ತಪ್ಪು" ಅಂತ ಕೂಗಬೇಡಿ, "ಅದನ್ನ ವಾಪಸ್ ಡಿಫರೆನ್ಷಿಯೇಟ್ ಮಾಡು" ಅನ್ನಿ, ಸೈನ್ ಸ್ಕ್ವೇರ್ ಎಕ್ಸ್ ಇಂಟು ಕಾಸ್ ಎಕ್ಸ್ ಬರುತ್ತೆ, ಆ ಕಾಸ್ ಎಕ್ಸ್ ಎಲ್ಲಿಂದ ಬಂತು ಅಂತ ಅವರೇ ಗಾಬರಿಯಾಗ್ತಾರೆ. ಆಗ ಸೈನ್ ಸ್ಕ್ವೇರ್ ಎಕ್ಸ್ ಅಂದ್ರೆ 1 ಮೈನಸ್ ಕಾಸ್ 2 ಎಕ್ಸ್, ಹೋಲ್ ಬೈ 2 ಅಂತ ನೆನಪಿಸಿದ್ರೆ ಮರೆಯಲ್ಲ. ಸೈನ್ ಎ ಪ್ಲಸ್ ಬಿ ಅಂದ್ರೆ ಸೈನ್ ಎ ಪ್ಲಸ್ ಸೈನ್ ಬಿ ಅನ್ನೋರಿಗೆ 30 ಮತ್ತು 60 ಡಿಗ್ರಿ ಹಾಕಿ ನೋಡಲು ಹೇಳಿ, ಒಂದು ಕಡೆ 1, ಇನ್ನೊಂದು ಕಡೆ 1.366. ಮೊಬೈಲ್ ಕ್ಯಾಲ್ಕ್ಯುಲೇಟರ್‌ನಲ್ಲಿ ಲಿಮಿಟ್ ತಾಳೆ ನೋಡ್ತೀರಾದ್ರೆ ರೇಡಿಯನ್ ಮೋಡ್‌ನಲ್ಲೇ ಇಡಿ, ಡಿಗ್ರೀಲಿದ್ರೆ ಎಕ್ಸ್ ಸೊನ್ನೆ ಹತ್ತಿರ ಹೋದಾಗ ಸೈನ್ ಎಕ್ಸ್ ಬೈ ಎಕ್ಸ್ 1ರ ಹತ್ತಿರ ಬರಲ್ಲ, 0.01745 ತೋರಿಸುತ್ತೆ, ಅಲ್ಲಿಗೆ ಅರ್ಧ ಗಂಟೆ ಜಗಳ.

ಉತ್ತರ ತಾಳೆ ಆಗದಿದ್ರೆ? ಸೈನ್ ಎಕ್ಸ್ ಕಾಸ್ ಎಕ್ಸ್ ಇಂಟಿಗ್ರೇಟ್ ಮಾಡಿ ಒಬ್ಬ ಸೈನ್ ಸ್ಕ್ವೇರ್ ಬೈ 2 ಅಂತಾನೆ, ಇನ್ನೊಬ್ಬ ಮೈನಸ್ ಕಾಸ್ ಸ್ಕ್ವೇರ್ ಬೈ 2 ಅಂತಾನೆ, ಮೂರನೆಯವಳು ಮೈನಸ್ ಕಾಸ್ 2 ಎಕ್ಸ್ ಬೈ 4 ತಂದಿರ್ತಾಳೆ, ಗೈಡ್‌ನಲ್ಲಿ ಒಂದೇ ಕೊಟ್ಟಿರ್ತಾರೆ, ಮಿಕ್ಕಿಬ್ಬರು ಸರಿಯಾದ ಉತ್ತರವನ್ನೇ ಹೊಡೆದುಹಾಕ್ತಾರೆ. ಹೊಡೆದುಹಾಕೋ ಮುಂಚೆ ಮೊದಲೆರಡಕ್ಕೆ ಎಕ್ಸ್ ಸೊನ್ನೆ ಹಾಕಿ ನೋಡಿ, ಸೊನ್ನೆ ಮತ್ತು ಮೈನಸ್ ಅರ್ಧ. ಪೈ ಬೈ 2 ಹಾಕಿ ನೋಡಿ, ಅರ್ಧ ಮತ್ತು ಸೊನ್ನೆ. ಎರಡು ಸಲವೂ ವ್ಯತ್ಯಾಸ ಅರ್ಧವೇ, ಅಂದ್ರೆ ಬರೀ ಕಾನ್‌ಸ್ಟಂಟ್ ವ್ಯತ್ಯಾಸ, ಅದನ್ನ ಪ್ಲಸ್ ಸಿ ನುಂಗ್ಕೊಳ್ಳುತ್ತೆ. ಪೂರ್ತಿ ಖಾತ್ರಿ ಬೇಕಾದ್ರೆ ಮೂರನ್ನೂ ಡಿಫರೆನ್ಷಿಯೇಟ್ ಮಾಡಿ, ಮೂರೂ ಸೈನ್ ಎಕ್ಸ್ ಕಾಸ್ ಎಕ್ಸ್‌ಗೇ ಬಂದು ನಿಲ್ಲುತ್ತೆ. ಪ್ಲಸ್ ಸಿ ಯಾಕೆ ಬರೀಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಪಾಠ ನನಗೆ ಗೊತ್ತಿಲ್ಲ.

ಶಾರ್ಟ್‌ಕಟ್ ಬಗ್ಗೆ ಕೇಳ್ತಾರೆ. ಕೆಸಿಇಟೀಲಿ 80 ನಿಮಿಷಕ್ಕೆ 60 ಪ್ರಶ್ನೆ, ಅಲ್ಲಿ ಆಪ್ಷನ್‌ಗೆ ಬೆಲೆ ಹಾಕಿ ತಪ್ಪಿರೋದನ್ನ ಕಿತ್ತುಹಾಕೋದು ನ್ಯಾಯವಾದ ಉಪಾಯ, ಮಾಡಿ. ಬೋರ್ಡ್ ಪರೀಕ್ಷೇಲಿ ಮಾರ್ಕ್ಸ್ ಬರೋದು ಸ್ಟೆಪ್‌ಗೆ, ಹಾಗಾಗಿ ಗ್ರೂಪ್‌ನಲ್ಲಿ ಕೂತಾಗ ಪೂರ್ತಿ ಸ್ಟೆಪ್ ಬರೆದೇ ಮಾಡಿ, ಶಾರ್ಟ್‌ಕಟ್‌ಗೆ ಬೇರೆ ದಿನ ಇಟ್ಕೊಳ್ಳಿ.

ವಾಟ್ಸಾಪ್‌ನಲ್ಲಿ ಕೇಳುವಾಗ ಬರೀ ಪ್ರಶ್ನೆ ಫೋಟೋ ಹಾಕಿ "ಯಾರಾದ್ರೂ ಮಾಡಿ ಕಳ್ಸಿ" ಅನ್ನಬೇಡಿ, ನೀವು ಎಲ್ಲೀವರೆಗೆ ಬಂದಿದ್ದೀರೋ ಆ ಪುಟದ ಫೋಟೋ ಹಾಕಿ, ನಿಂತ ಲೈನ್‌ಗೆ ಗುಂಡಾಗಿ ಮಾರ್ಕ್ ಮಾಡಿ. ಉತ್ತರ ಕೊಡೋರೂ ಪೂರ್ತಿ ಪುಟ ಕಳಿಸಬೇಡಿ, ಮುಂದಿನ ಒಂದೇ ಲೈನ್‌ಗೆ ವಾಯ್ಸ್ ಮೆಸೇಜ್ ಸಾಕು.

ಮುಗಿಸೋ ಮುಂಚೆ ಎಲ್ಲ ಪುಸ್ತಕ ಮುಚ್ಚಿ ಅದೇ ಥರದ ಇನ್ನೊಂದು ಲೆಕ್ಕ ಒಬ್ಬೊಬ್ಬರೇ ಮಾಡಿ.

ಯಾರಿಗೂ ಬಗೆಹರಿಯದ ಲೆಕ್ಕ ಇದ್ದೇ ಇರುತ್ತೆ. ಅದಕ್ಕೆ ರಾತ್ರಿಯೆಲ್ಲ ಕೂರಬೇಡಿ, ಎಲ್ಲರ ಪ್ರಯತ್ನಾನೂ ಒಂದೇ ಹಾಳೆಗೆ ನೀಟಾಗಿ ಬರೆದು, ನಿಂತ ಜಾಗಕ್ಕೆ ಗುರುತು ಹಾಕಿ, ಮಾರನೇ ದಿನ ಕ್ಲಾಸ್ ಶುರುವಾಗೋ ಮುಂಚೆ ಲೆಕ್ಚರರ್ ಹತ್ರ ತಗೊಂಡು ಹೋಗಿ. "ಸರ್, ಇಲ್ಲೀವರೆಗೆ ಬಂದ್ವಿ, ಈ ಸಬ್‌ಸ್ಟಿಟ್ಯೂಷನ್ ಆದ್ಮೇಲೆ ಲಿಮಿಟ್ ಏನಾಗುತ್ತೆ?" ಅಂತ ಕೇಳಿದ್ರೆ ಅವರು ನಿಂತಲ್ಲೇ ಎರಡು ನಿಮಿಷದಲ್ಲಿ ಹೇಳ್ತಾರೆ, "ಸರ್ ಈ ಚಾಪ್ಟರ್ ಅರ್ಥ ಆಗ್ಲಿಲ್ಲ" ಅಂದ್ರೆ ಅವರಾದ್ರೂ ಎಲ್ಲಿಂದ ಶುರು ಮಾಡಬೇಕು?