ಬಾಲ ನೋಡಿ ಹೆಸರು ಕೊಳ್ಳಿ: ಅಪರೂಪದ ಡೊಮೇನ್‌ಗಳ ವ್ಯಾಪಾರ ಹೇಗೆ?

ಒಂದೊಂದಕ್ಕೆ 180 ರೂಪಾಯಿಯಂತೆ ಒಂದೇ ಸಂಜೆ 22 ಡೊಮೇನ್ ಹೆಸರುಗಳನ್ನು, ಅಂದರೆ ಜಾಲತಾಣದ ವಿಳಾಸಗಳನ್ನು, ಕೊಂಡಿದ್ದೆ. ಯಾವುದೂ ಡಾಟ್ ಕಾಂ ಅಲ್ಲ, ಎಲ್ಲವೂ ಆಗಷ್ಟೇ ಕಿವಿಗೆ ಬೀಳತೊಡಗಿದ್ದ ಹೊಸ ಬಾಲದವು. ಬಾಲವೆಂದರೆ ವಿಳಾಸದ ಕೊನೆಯಲ್ಲಿ ಚುಕ್ಕೆಯ ನಂತರ ಬರುವ ಭಾಗ. ನಾಲ್ಕು ಸಾವಿರದೊಳಗೆ ಕೆಲಸ ಮುಗಿದಿತ್ತು. ಹನ್ನೊಂದು ತಿಂಗಳು ಕಳೆದ ಮೇಲೆ ನವೀಕರಣದ ಮಿಂಚಂಚೆಗಳು ಒಂದರ ಹಿಂದೊಂದು ಬಂದವು. ಪ್ರತಿ ಹೆಸರಿಗೂ 2,600 ರೂಪಾಯಿ, ಒಟ್ಟು 57,200. ಅಷ್ಟು ದಿನಗಳಲ್ಲಿ ಆ ಹೆಸರುಗಳ ಬೆಲೆ ಎಷ್ಟೆಂದು ಕೇಳಿದವರು ಒಬ್ಬರೂ ಇರಲಿಲ್ಲ. 17 ಹೆಸರುಗಳನ್ನು ಬಿಟ್ಟೆ, ಐದನ್ನು ಉಳಿಸಿಕೊಂಡೆ. ಮೂರನೇ ವರ್ಷ ಆ ಐದರಲ್ಲಿ ಒಂದು 900 ಡಾಲರ್‌ಗೆ ಮಾರಾಟವಾಯಿತು. ದಲ್ಲಾಳಿ ತಾಣದ ಪಾಲು ಕಳೆದು ಕೈಗೆ ಬಂದದ್ದು ಸುಮಾರು 60 ಸಾವಿರ ರೂಪಾಯಿ, ಅಲ್ಲಿಯವರೆಗೆ ಕೈಯಿಂದ ಹೋಗಿದ್ದು ಸುಮಾರು 30 ಸಾವಿರ. ಆ 17 ಹೆಸರುಗಳನ್ನು ಏಕೆ ಕೊಳ್ಳಬಾರದಿತ್ತು, ಈ ಒಂದು ಏಕೆ ಮಾರಾಟವಾಯಿತು ಎಂಬುದನ್ನು ಹೊಸದಾಗಿ ಈ ವ್ಯಾಪಾರಕ್ಕೆ ಇಳಿಯುವವರು ಮೊದಲೇ ತಿಳಿದಿದ್ದರೆ ಒಳ್ಳೆಯದು.

ಮೊದಲು ನವೀಕರಣದ ದರ ನೋಡಿ

ಡೊಮೇನ್ ಎಂದರೆ ಅಂತರ್ಜಾಲದ ನಿವೇಶನ ಎಂದು ಹೇಳುವ ರೂಢಿಯಿದೆ. ಈ ಹೋಲಿಕೆಯೇ ದಾರಿ ತಪ್ಪಿಸುತ್ತದೆ. ನಿವೇಶನ ಒಮ್ಮೆ ನೋಂದಣಿಯಾದರೆ ನಿಮ್ಮದು. ಡೊಮೇನ್ ಹಾಗಲ್ಲ, ಅದು ಗೇಣಿಗೆ ಹಿಡಿದ ಗದ್ದೆ. ಬೆಳೆ ಬಂದರೂ ಬಾರದಿದ್ದರೂ ವರ್ಷ ವರ್ಷ ಗೇಣಿ ಅಳೆಯಲೇಬೇಕು. ಗದ್ದೆಯ ಒಡೆಯ ರಿಜಿಸ್ಟ್ರಿ, ಅಂದರೆ ಆ ಬಾಲವನ್ನು ನಡೆಸುವ ಸಂಸ್ಥೆ. ನಮಗೆ ಹೆಸರು ಮಾರುವ ಗೋಡ್ಯಾಡಿ, ನೇಮ್‌ಚೀಪ್, ಪೋರ್ಕ್‌ಬನ್, ಡೈನಾಡಾಟ್ ಮುಂತಾದವು ರಿಜಿಸ್ಟ್ರಾರ್‌ಗಳು, ಅಂಗಡಿಯವರು.

ಅಂಗಡಿಯ ಪುಟದಲ್ಲಿ ದೊಡ್ಡದಾಗಿ ಕಾಣುವುದು ಮೊದಲ ವರ್ಷದ ರಿಯಾಯಿತಿ ದರ. ನವೀಕರಣದ ದರ ಅದರ ಕೆಳಗೆ ತಿಳಿ ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿರುತ್ತದೆ, ಕೆಲವೊಮ್ಮೆ ಹಣ ಪಾವತಿಸುವ ಹಂತದವರೆಗೂ ಕಾಣುವುದಿಲ್ಲ. ಅದನ್ನು ಹುಡುಕಿ ಒಂದು ಕಾಗದದ ಮೇಲೆ ಬರೆದುಕೊಳ್ಳಿ, ನಾಲ್ಕೈದು ರಿಜಿಸ್ಟ್ರಾರ್‌ಗಳ ದರಗಳನ್ನು ಪಕ್ಕದಲ್ಲಿಡಿ. ಒಂದೇ ಬಾಲಕ್ಕೆ ಅಂಗಡಿಯಿಂದ ಅಂಗಡಿಗೆ ದೊಡ್ಡ ವ್ಯತ್ಯಾಸವಿರುತ್ತದೆ. ‘ಪ್ರೀಮಿಯಂ’ ಎಂಬ ಗುರುತಿರುವ ಹೆಸರಾದರೆ ಇನ್ನಷ್ಟು ಎಚ್ಚರ ಬೇಕು. ಕೆಲವು ಬಾಲಗಳಲ್ಲಿ ಅಂಥ ಹೆಸರಿಗೆ ಮೊದಲ ವರ್ಷ ಮಾತ್ರವಲ್ಲ, ಪ್ರತಿ ವರ್ಷವೂ ನೂರಾರು ಡಾಲರ್ ಕಟ್ಟಬೇಕಾಗುತ್ತದೆ.

ಈಗ ಒಂದು ಲೆಕ್ಕ. ಈ ವ್ಯಾಪಾರದಲ್ಲಿ ಪಳಗಿದವರು ಡಾಟ್ ಕಾಂ ಹೆಸರುಗಳಲ್ಲಿಯೇ ವರ್ಷಕ್ಕೆ ನೂರಕ್ಕೆ ಒಂದೋ ಎರಡೋ ಮಾರಾಟವಾದರೆ ಸಮಾಧಾನ ಪಡುತ್ತಾರೆ. ಅಪರೂಪದ ಬಾಲದಲ್ಲಿ ಅದಕ್ಕಿಂತ ಹೆಚ್ಚನ್ನು ನಿರೀಕ್ಷಿಸಲು ಕಾರಣವಿಲ್ಲ. ನಿಮ್ಮ ಬಳಿ 100 ಹೆಸರುಗಳಿದ್ದು, ಒಂದಕ್ಕೆ 2,600 ರೂಪಾಯಿ ನವೀಕರಣವಾದರೆ ವರ್ಷದ ಗೇಣಿಯೇ 2 ಲಕ್ಷ 60 ಸಾವಿರ. ವರ್ಷಕ್ಕೆ ಮಾರಾಟವಾಗುವ ಆ ಒಂದೇ ಹೆಸರು ದಲ್ಲಾಳಿಯ ಪಾಲನ್ನೂ ಸೇರಿಸಿ ಇಷ್ಟನ್ನು ತಂದುಕೊಡಬೇಕು. ತಂದುಕೊಡುವ ಹೆಸರು ನಿಮ್ಮಲ್ಲಿದೆಯೇ? ನನ್ನಲ್ಲಿರಲಿಲ್ಲ. ಆದ್ದರಿಂದ ಹತ್ತು ಹೆಸರಿನ ಮಿತಿ ಹಾಕಿಕೊಂಡು ಶುರು ಮಾಡುವುದು ಕ್ಷೇಮ.

ದರ ಏರುವ ಅಪಾಯವೂ ಇದೆ. ಡಾಟ್ ಕಾಂ ನಡೆಸುವ ವೆರಿಸೈನ್ ಮನಬಂದಂತೆ ಬೆಲೆ ಏರಿಸದಂತೆ ಒಪ್ಪಂದದ ಕಡಿವಾಣವಿದೆ. ಡೊಮೇನ್ ವ್ಯವಸ್ಥೆಯ ಮೇಲ್ವಿಚಾರಣೆ ಮಾಡುವ ಐಕ್ಯಾನ್ ಸಂಸ್ಥೆ 2012ರಲ್ಲಿ ಕರೆದ ಅರ್ಜಿಗಳಿಂದ ಹುಟ್ಟಿದ ಡಾಟ್ ಗುರು, ಡಾಟ್ ಯೋಗ, ಡಾಟ್ ಕಾಫಿಯಂಥ ಸಾವಿರಕ್ಕೂ ಹೆಚ್ಚಿನ ಹೊಸ ಬಾಲಗಳಿಗೆ ಅಂಥ ಮಿತಿಯಿಲ್ಲ. 2017ರಲ್ಲಿ ಯುನಿರಿಜಿಸ್ಟ್ರಿ ಎಂಬ ರಿಜಿಸ್ಟ್ರಿ ತನ್ನ ಕೆಲವು ಬಾಲಗಳ ಬೆಲೆಯನ್ನು ಹಲವು ಪಟ್ಟು ಏರಿಸಲು ಹೊರಟಾಗ ಗೋಡ್ಯಾಡಿ ಆ ಬಾಲಗಳ ಹೊಸ ಮಾರಾಟವನ್ನೇ ನಿಲ್ಲಿಸಿತು. ನಮ್ಮ ರಕ್ಷಣೆಗೆ ಇರುವ ಮುಖ್ಯ ನಿಯಮ ಇದು: ಇಂಥ ಬಾಲಗಳ ನವೀಕರಣ ದರ ಏರಿಸುವ ಮೊದಲು ರಿಜಿಸ್ಟ್ರಿಯು ಆರು ತಿಂಗಳ ಮುನ್ಸೂಚನೆ ಕೊಡಬೇಕು. ಆ ಅವಧಿಯಲ್ಲಿ ಹಳೆಯ ದರದಲ್ಲಿಯೇ ಗರಿಷ್ಠ ಹತ್ತು ವರ್ಷಗಳವರೆಗೆ ನವೀಕರಿಸಿಕೊಳ್ಳಬಹುದು. ಒಳ್ಳೆಯ ಹೆಸರಿದ್ದರೆ ಈ ಅವಕಾಶವನ್ನು ಬಿಡಬೇಡಿ.

ಬಾಲದ ಒಡೆಯ ಯಾರು?

ಎರಡಕ್ಷರದ ಬಾಲವೆಂದರೆ ಅದರ ಹಿಂದೆ ಒಂದು ದೇಶವೋ ಪ್ರದೇಶವೋ ಇರುತ್ತದೆ. ಕೆರಿಬಿಯನ್ ಸಮುದ್ರದ ಅಂಗ್ವಿಲಾ ದ್ವೀಪದ ಜನಸಂಖ್ಯೆ ಸುಮಾರು 16 ಸಾವಿರ. ಅದಕ್ಕೆ 1990ರ ದಶಕದಲ್ಲಿ ಸಿಕ್ಕ ಬಾಲ ಡಾಟ್ ಎಐ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಜಗತ್ತಿನ ಕೃತಕ ಬುದ್ಧಿಮತ್ತೆ ಕಂಪನಿಗಳೆಲ್ಲ ಆ ಪುಟ್ಟ ದ್ವೀಪದ ಬಾಗಿಲಿಗೆ ಬಂದವು. 2023ರಲ್ಲಿ ಈ ಹೆಸರುಗಳಿಂದ ಅಂಗ್ವಿಲಾ ಸರ್ಕಾರಕ್ಕೆ ಬಂದದ್ದು ಸುಮಾರು 3.2 ಕೋಟಿ ಡಾಲರ್, ಅದರ ಒಟ್ಟು ಆದಾಯದ ಐದನೇ ಒಂದು ಭಾಗಕ್ಕಿಂತ ಹೆಚ್ಚು. ಅದೇ ವರ್ಷ ಯು (you) ಡಾಟ್ ಎಐ ಎಂಬ ಒಂದು ಹೆಸರು 7 ಲಕ್ಷ ಡಾಲರ್‌ಗೆ ಕೈ ಬದಲಾಯಿಸಿತು. ಮೊದಲೇ ಕೊಂಡಿಟ್ಟವರಿಗೆ ಲಾಭವಾಯಿತು ನಿಜ. ಆದರೆ ಇಂಥ ಸುದ್ದಿ ಓದಿ ಈಗ ಕೊಳ್ಳಲು ಹೋದವರ ಪಾಲಿಗೆ ಉಳಿದಿರುವುದು ಮೂರನೇ ದರ್ಜೆಯ ಹೆಸರುಗಳು. ಅಲ್ಲಿ ಕನಿಷ್ಠ ನೋಂದಣಿಯೇ ಎರಡು ವರ್ಷಗಳಿಗೆ.

ದೇಶದ ಬಾಲಕ್ಕೆ ಆ ದೇಶದ ರಾಜಕೀಯವೂ ಅಂಟಿಕೊಂಡಿರುತ್ತದೆ. ತಂತ್ರಜ್ಞರಿಗೆ ಪ್ರಿಯವಾದ ಡಾಟ್ ಐಒ, ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳನ್ನು ಒಳಗೊಂಡ ಬ್ರಿಟಿಷ್ ಆಡಳಿತ ಪ್ರದೇಶದ್ದು. ಆ ದ್ವೀಪಗಳನ್ನು ಮಾರಿಷಸ್‌ಗೆ ಬಿಟ್ಟುಕೊಡುವ ಒಪ್ಪಂದಕ್ಕೆ 2025ರ ಮೇ ತಿಂಗಳಲ್ಲಿ ಸಹಿ ಬಿದ್ದಿತು. ದೇಶಗಳ ಅಧಿಕೃತ ಸಂಕೇತಪಟ್ಟಿಯಿಂದ ಒಂದು ಸಂಕೇತ ಹೊರಬಿದ್ದರೆ ಅದರ ಬಾಲವನ್ನು ಸಾಮಾನ್ಯವಾಗಿ ಐದು ವರ್ಷಗಳಲ್ಲಿ ಮುಚ್ಚಬೇಕೆಂಬ ನೀತಿ ಐಕ್ಯಾನ್ ಸಂಸ್ಥೆಯದು. ಯುಗೊಸ್ಲಾವಿಯಾ ಇಲ್ಲವಾದ ಮೇಲೆ ಡಾಟ್ ವೈಯು 2010ರಲ್ಲಿ ಅಳಿಯಿತು. ಅದೇ ವರ್ಷ ಲಿಬಿಯಾ ತನ್ನ ಕಾನೂನಿಗೆ ಒಪ್ಪುವುದಿಲ್ಲವೆಂದು ಡಾಟ್ ಎಲ್‌ವೈ ಬಾಲದ ಒಂದು ಕೊಂಡಿ ಕಿರಿದುಗೊಳಿಸುವ ತಾಣವನ್ನು ಕಿತ್ತುಕೊಂಡಿತು. ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂದಾಗ ಡಾಟ್ ಇಯು ಹೊಂದಿದ್ದ ಸಾವಿರಾರು ಬ್ರಿಟಿಷರು ತಮ್ಮ ಹೆಸರುಗಳನ್ನು ಕಳೆದುಕೊಂಡರು. ಕೊಳ್ಳುವ ಮೊದಲು ಆ ರಿಜಿಸ್ಟ್ರಿಯ ನಿಯಮಗಳ ಪುಟವನ್ನು ಒಮ್ಮೆ ಪೂರ್ತಿ ಓದಿ. ಹೊರದೇಶದವರಿಗೆ ಅವಕಾಶವಿದೆಯೇ, ಮರುಮಾರಾಟಕ್ಕೆ ಅಡ್ಡಿಯಿದೆಯೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಅಲ್ಲಿರುತ್ತದೆ.

ಕನ್ನಡಿಗರು ಕೇಳುವ ಇನ್ನೊಂದು ಬಾಲವಿದೆ: ಕನ್ನಡ ಲಿಪಿಯ ಡಾಟ್ ಭಾರತ. ಡಾಟ್ ಇನ್ ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯೇ ಇದನ್ನೂ ನಡೆಸುತ್ತದೆ. ಹೆಸರಿನ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಎಲ್ಲವೂ ಕನ್ನಡದಲ್ಲಿರುವ ವಿಳಾಸವನ್ನು ಬ್ರೌಸರ್‌ನಲ್ಲಿ ನೋಡುವ ಸಂತೋಷವೇ ಬೇರೆ. ನಮ್ಮ ಶಾಲೆಗಳು, ಪ್ರಕಾಶಕರು, ರಂಗತಂಡಗಳು ಇದನ್ನು ಬಳಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಮರುಮಾರಾಟದ ಮಾತು ಬೇರೆ. ಇಲ್ಲಿ ಕೊಳ್ಳುವವರು ತೀರ ಕಡಿಮೆ, ಇಂಥ ಮಿಂಚಂಚೆ ವಿಳಾಸವನ್ನು ಎಷ್ಟೋ ತಾಣಗಳ ಅರ್ಜಿಗಳು ಇನ್ನೂ ಸ್ವೀಕರಿಸುವುದಿಲ್ಲ. ಬಳಸಲು ಕೊಳ್ಳಿ, ಮಾರಲು ಬೇಡ.

ಹೆಸರೂ ಬಾಲವೂ ಸೇರಿ ಒಂದೇ ಮಾತಾಗಬೇಕು

ನನ್ನ 17 ಹೆಸರುಗಳ ತಪ್ಪು ಇಲ್ಲಿತ್ತು. ಡಾಟ್ ಕಾಂನಲ್ಲಿ ಸಿಗದ ಹೆಸರು ಬೇರೆ ಬಾಲದಲ್ಲಿ ಖಾಲಿಯಿದೆ ಎಂಬ ಒಂದೇ ಕಾರಣಕ್ಕೆ ಅವುಗಳನ್ನು ಕೊಂಡಿದ್ದೆ. ಮಾರಾಟವಾದ ಹೆಸರಿನಲ್ಲಾದರೋ ಬಾಲವೇ ಅರ್ಥದ ಅರ್ಧ ಭಾಗವಾಗಿತ್ತು. ಅದನ್ನು ಡಾಟ್ ಕಾಂಗೆ ಅಂಟಿಸಿದ್ದರೆ ಬರಿ ಒಂದು ಸಾಮಾನ್ಯ ಶಬ್ದವಾಗುತ್ತಿತ್ತು.

2006ರಲ್ಲಿ ಸ್ವತಂತ್ರ ದೇಶವಾದ ಮೇಲೆ ಮಾಂಟೆನೆಗ್ರೊ ಪಡೆದ ಡಾಟ್ ಎಂಇ ಇದಕ್ಕೆ ಒಳ್ಳೆಯ ಉದಾಹರಣೆ. ಇಂಗ್ಲಿಷಿನಲ್ಲಿ ಅದು ‘ನನ್ನನ್ನು’ ಎಂದಾಗುವುದರಿಂದ ಅದರ ಮುಂದೆ ಒಂದು ಕ್ರಿಯಾಪದ ಇಟ್ಟರೆ ವಾಕ್ಯವೇ ಸಿದ್ಧ. ತುವಾಲು ದ್ವೀಪದ ಡಾಟ್ ಟಿವಿಗೆ ವಿಡಿಯೊ, ಮೈಕ್ರೊನೇಷ್ಯಾದ ಡಾಟ್ ಎಫ್‌ಎಂಗೆ ರೇಡಿಯೊ ಮತ್ತು ಪಾಡ್‌ಕಾಸ್ಟ್ ಸಹಜ ಜೋಡಿ. ಚಿಕ್ಕಮಗಳೂರಿನ ಒಬ್ಬ ಬೆಳೆಗಾರ ತನ್ನ ಹುರಿದ ಬೀಜವನ್ನು ನೇರವಾಗಿ ಮಾರಲು ಹೊರಟರೆ ಡಾಟ್ ಕಾಫಿ ಅವನಿಗೆ ಒಪ್ಪುತ್ತದೆ. ಅದೇ ಬಾಲದಲ್ಲಿ ಒಂದು ಲೆಕ್ಕಪತ್ರ ತಂತ್ರಾಂಶದ ಹೆಸರು ಯಾರಿಗೂ ಬೇಡ.

ಪಟ್ಟಿ ಮಾಡಿದ ಮೇಲೆ ಪ್ರತಿ ಹೆಸರನ್ನೂ ಫೋನಿನಲ್ಲಿ ಯಾರಿಗಾದರೂ ಒಮ್ಮೆ ಹೇಳಿ, ಅವರು ಬರೆದುಕೊಂಡದ್ದನ್ನು ಹಿಂದಿರುಗಿ ಕಳುಹಿಸಲು ಕೇಳಿ. ನಾನು ನನ್ನ ಅತ್ತಿಗೆಗೆ ಐದು ಹೆಸರು ಹೇಳಿದ್ದೆ. ಮೂರರ ಕೊನೆಗೆ ಅವರು ತಾವಾಗಿಯೇ ಡಾಟ್ ಕಾಂ ಸೇರಿಸಿ ಬರೆದಿದ್ದರು. ‘ಬಾಲ ಹೇಳಿದೆನಲ್ಲ’ ಎಂದರೆ, ‘ಅದು ಹೆಸರಿನ ಭಾಗ ಅಂದುಕೊಂಡೆ’ ಎಂದರು. ಒಬ್ಬ ವ್ಯಾಪಾರಿ ನಿಮ್ಮ ಹೆಸರು ಕೊಂಡರೆ ಅವನ ಗ್ರಾಹಕರೂ ಹೀಗೆಯೇ ದಾರಿ ತಪ್ಪಿ ಡಾಟ್ ಕಾಂ ಒಡೆಯನ ಮನೆಗೆ ಹೋಗುತ್ತಾರೆ. ಆ ಹೆಸರುಗಳನ್ನು ಪಟ್ಟಿಯಿಂದ ಹೊಡೆದುಹಾಕಿ.

ಮಾರುಕಟ್ಟೆಯಲ್ಲಿ ಆ ಬಾಲ ನಿಜವಾಗಿಯೂ ಓಡುತ್ತಿದೆಯೇ ಎಂದು ತಿಳಿಯಲು ನೇಮ್‌ಬಯೊ ತಾಣದಲ್ಲಿ ಹಳೆಯ ಮಾರಾಟಗಳ ದಾಖಲೆ ನೋಡಿ. ದೊಡ್ಡ ಮೊತ್ತದ ಒಂದೆರಡನ್ನು ಬದಿಗಿಟ್ಟು, ನಡುವಿನ ಮೊತ್ತದವು ಎಷ್ಟಿವೆ, ಯಾವ ಬಗೆಯ ಶಬ್ದಗಳು ಎಂದು ಗಮನಿಸಿ. ಎರಡು ವರ್ಷಗಳಲ್ಲಿ ಹತ್ತು ಮಾರಾಟವೂ ಕಾಣದ ಬಾಲವನ್ನು ನಾನು ಮುಟ್ಟುವುದಿಲ್ಲ.

ಬೇರೆಯವರ ಹೆಸರಿಗೆ ಕೈ ಹಾಕಬೇಡಿ

ಕಂಪನಿಗಳ ಹೆಸರು, ಬ್ರ್ಯಾಂಡ್, ಸಿನಿಮಾ ನಟರ ಹೆಸರುಗಳನ್ನು ಕೊಂಡಿಟ್ಟು ಅವರಿಗೇ ಮಾರುವುದು ವ್ಯಾಪಾರವಲ್ಲ. ಈ ವಿಷಯದಲ್ಲಿ ನಮ್ಮ ದೇಶದ ಕಾನೂನು ಗಟ್ಟಿಯಾದದ್ದು ಬೆಂಗಳೂರಿನ ಒಂದು ಮೊಕದ್ದಮೆಯಿಂದ. ಸಿಫಿ ಎಂಬ ಹೆಸರಿನಲ್ಲಿ ನಡೆಯುತ್ತಿದ್ದ ಸತ್ಯಂ ಇನ್ಫೋವೇ ಕಂಪನಿ, ಅದನ್ನೇ ಹೋಲುವ ಡೊಮೇನ್ ಬಳಸುತ್ತಿದ್ದ ಸಿಫಿನೆಟ್ ಸೊಲ್ಯೂಷನ್ಸ್ ವಿರುದ್ಧ ನಗರ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ಪಡೆಯಿತು. ಹೈಕೋರ್ಟ್ ಅದನ್ನು ತೆರವು ಮಾಡಿತು. 2004ರಲ್ಲಿ ಸುಪ್ರೀಂ ಕೋರ್ಟ್ ಸತ್ಯಂ ಪರವಾಗಿ ತೀರ್ಪಿತ್ತು, ಡೊಮೇನ್ ಹೆಸರಿಗೂ ವ್ಯಾಪಾರ ಚಿಹ್ನೆಗಿರುವಂಥ ರಕ್ಷಣೆ ಉಂಟು ಎಂದಿತು.

ಅಂತರರಾಷ್ಟ್ರೀಯ ಬಾಲಗಳಿಗೆ 1999ರಿಂದ ಯುಡಿಆರ್‌ಪಿ ಎಂಬ ವ್ಯಾಜ್ಯ ನಿಯಮವಿದೆ, ಡಾಟ್ ಇನ್‌ಗೆ ಐಎನ್‌ಡಿಆರ್‌ಪಿ ಇದೆ. ಸೋತರೆ ಹೆಸರು ಹೋಗುತ್ತದೆ, ಒಂದು ರೂಪಾಯಿ ಪರಿಹಾರವೂ ಇಲ್ಲ. ಕೊಳ್ಳುವ ಮೊದಲು ಭಾರತದ ವ್ಯಾಪಾರ ಚಿಹ್ನೆಗಳ ಸಾರ್ವಜನಿಕ ಹುಡುಕಾಟ ಪುಟದಲ್ಲಿಯೂ ಅಮೆರಿಕದ ದಾಖಲೆಯಲ್ಲಿಯೂ ಆ ಶಬ್ದವನ್ನು ಹಾಕಿ ನೋಡಿ. ಹಿಂದೆ ಯಾರೋ ಬಳಸಿ ಬಿಟ್ಟ ಹೆಸರಾದರೆ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಅದರ ಹಳೆಯ ಪುಟಗಳನ್ನು ತೆರೆಯಿರಿ. ಜೂಜು, ವಂಚನೆಗೆ ಬಳಕೆಯಾದ ಹೆಸರಾಗಿದ್ದರೆ ಅದರ ಮಿಂಚಂಚೆಗಳು ಮುಂದೆಯೂ ಸ್ಪ್ಯಾಮ್ ಪೆಟ್ಟಿಗೆ ಸೇರಬಹುದು.

ಮಾರಾಟ, ಬೆಲೆ, ವರ್ಗಾವಣೆ

ಕೊಂಡ ದಿನವೇ ಆಫ್ಟರ್ನಿಕ್, ಸೇಡೊ ಮುಂತಾದ ಮಾರುಕಟ್ಟೆಗಳಲ್ಲಿ ಹೆಸರನ್ನು ಪಟ್ಟಿಗೆ ಸೇರಿಸಿ, ‘ಈ ಹೆಸರು ಮಾರಾಟಕ್ಕಿದೆ’ ಎಂಬ ಪುಟ ಕಾಣುವಂತೆ ಮಾಡಿ. ಅವರ ಪಾಲು ಬಹುತೇಕ ಶೇ 10ರಿಂದ 25ರ ನಡುವೆ. ಕೂಡಲೇ ಕೊಳ್ಳಬಹುದಾದ ಬೆಲೆಯನ್ನು ನಮೂದಿಸುವುದು ನನ್ನ ಸಲಹೆ. ಅಪರೂಪದ ಬಾಲವನ್ನು ಕೊಳ್ಳುವವರು ಹೆಚ್ಚಾಗಿ ಸಣ್ಣ ಉದ್ಯಮಿಗಳು. ‘ಬೆಲೆಗಾಗಿ ಸಂಪರ್ಕಿಸಿ’ ಎಂದು ಬರೆದರೆ ಅವರು ಬೇರೆ ಹೆಸರು ಹುಡುಕಿಕೊಂಡು ಹೋಗಿಬಿಡುತ್ತಾರೆ. ನನ್ನ ಹೆಸರು ಮಾರಾಟವಾದದ್ದೂ ಹಾಗೆಯೇ. ಬೆಲೆ ಹಾಕದೆ ಎರಡು ವರ್ಷ ಸುಮ್ಮನಿದ್ದದ್ದು, 900 ಎಂದು ಬರೆದ ಏಳನೇ ವಾರಕ್ಕೆ ಹೋಯಿತು.

ಯಾರಾದರೂ ನೇರವಾಗಿ ಬರೆದರೆ ಎಸ್ಕ್ರೊ ಇಲ್ಲದೆ ವ್ಯವಹರಿಸಬೇಡಿ. ಎಸ್ಕ್ರೊ ಎಂದರೆ ಕೊಳ್ಳುವವರ ಹಣವನ್ನು ಹಿಡಿದಿಟ್ಟು, ಹೆಸರು ಕೈ ಸೇರಿದ ಮೇಲೆ ಮಾರುವವರಿಗೆ ಬಿಡುಗಡೆ ಮಾಡುವ ಮೂರನೆಯ ಸಂಸ್ಥೆ. ‘ಮೊದಲು ನಿಮ್ಮ ಹೆಸರಿಗೆ ಮೌಲ್ಯಮಾಪನ ಪ್ರಮಾಣಪತ್ರ ಕೊಂಡು ತನ್ನಿ’ ಎಂದು ಹೇಳಿ ಒಂದು ತಾಣದ ಕೊಂಡಿ ಕಳುಹಿಸುವವರು ಗ್ರಾಹಕರಲ್ಲ, ಆ ತಾಣ ಅವರದ್ದೇ. ಈ ಮೋಸ ತುಂಬಾ ಹಳೆಯದು, ಇಂದಿಗೂ ಹೊಸಬರನ್ನು ಹಿಡಿಯುತ್ತಿದೆ.

ಹಣ ಎಸ್ಕ್ರೊ ಸೇರಿದ ಸೂಚನೆ ಬಂದ ನಂತರ ರಿಜಿಸ್ಟ್ರಾರ್ ಖಾತೆಯಲ್ಲಿ ಹೆಸರಿನ ಬೀಗ ತೆಗೆದು, ವರ್ಗಾವಣೆ ಸಂಕೇತವನ್ನು ಪಡೆದು ಕೊಳ್ಳುವವರಿಗೆ ಕೊಡಬೇಕು. ಇಬ್ಬರೂ ಒಂದೇ ರಿಜಿಸ್ಟ್ರಾರ್‌ನಲ್ಲಿದ್ದರೆ ಖಾತೆಯಿಂದ ಖಾತೆಗೆ ತಳ್ಳಿದರೆ ಸಾಕು. ಹೊಸದಾಗಿ ನೋಂದಾಯಿಸಿದ ಹೆಸರನ್ನು ಮೊದಲ 60 ದಿನ ಬೇರೆ ರಿಜಿಸ್ಟ್ರಾರ್‌ಗೆ ಒಯ್ಯಲು ಸಾಮಾನ್ಯವಾಗಿ ಆಗುವುದಿಲ್ಲ ಎಂಬುದನ್ನು ಗ್ರಾಹಕರಿಗೆ ಮೊದಲೇ ತಿಳಿಸಿ. ವಿದೇಶದಿಂದ ಬಂದ ಹಣದ ಬ್ಯಾಂಕ್ ಪತ್ರವನ್ನು ಜೋಪಾನವಾಗಿಟ್ಟು ಲೆಕ್ಕ ಪರಿಶೋಧಕರಿಗೆ ಕೊಡಿ.

ಯಾವಾಗ ಬಿಡಬೇಕು?

ಕೊಂಡ ದಿನವೇ ಪ್ರತಿ ಹೆಸರಿನ ಸ್ವಯಂಚಾಲಿತ ನವೀಕರಣವನ್ನು ನಿಲ್ಲಿಸಿ, ಅವಧಿ ಮುಗಿಯುವ 45 ದಿನ ಮೊದಲಿನ ದಿನಾಂಕವನ್ನು ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಆ ದಿನ ಬಂದಾಗ ಕೇಳಿಕೊಳ್ಳಬೇಕಾದದ್ದು ಇಷ್ಟೇ: ಈ ಹೆಸರು ನನ್ನಲ್ಲಿ ಇಲ್ಲದೆ, ಇವತ್ತು ಅಂಗಡಿಯಲ್ಲಿ 2,600 ರೂಪಾಯಿಗೆ ಸಿಕ್ಕಿದರೆ ಕೊಳ್ಳುತ್ತಿದ್ದೆನೇ? ಇಲ್ಲವೆನಿಸಿದರೆ ಅವಧಿ ಮುಗಿಯಲು ಬಿಡಿ. ಮನಸ್ಸು ಬದಲಾದರೆ ಅನೇಕ ಬಾಲಗಳಲ್ಲಿ ಅವಧಿ ಮುಗಿದ ಮೇಲೂ ಕೆಲವು ದಿನ ಮಾಮೂಲಿ ದರದಲ್ಲಿ ನವೀಕರಿಸಲು ಬರುತ್ತದೆ. ಹೆಸರು ಅಳಿಸುವ ಹಂತಕ್ಕೆ ಹೋದ ಮೇಲಿನ 30 ದಿನಗಳಲ್ಲಿ ಹಿಂದಕ್ಕೆ ಪಡೆಯಲು ದೊಡ್ಡ ದಂಡ ತೆರಬೇಕು, ಆಮೇಲೆ ಅದು ಮತ್ತೆ ಎಲ್ಲರ ಪಾಲಿಗೆ ತೆರೆದುಕೊಳ್ಳುತ್ತದೆ. ನಾನು ಬಿಟ್ಟ 17 ಹೆಸರುಗಳನ್ನು ಕಳೆದ ತಿಂಗಳು ಒಂದೊಂದಾಗಿ ಹುಡುಕಿ ನೋಡಿದೆ. 16 ಇನ್ನೂ ಖಾಲಿ ಇವೆ.