ಸುಟ್ಟ ಮೋಟರಿನ ತಾಮ್ರ ಯಾರದ್ದು?

ಚಿತ್ರದುರ್ಗದಲ್ಲಿ ನಾನು ಕೊಳವೆಬಾವಿ ಮೋಟರುಗಳ ರೀವೈಂಡಿಂಗ್ ಅಂಗಡಿ, ಎಂದರೆ ಸುಟ್ಟ ತಂತಿ ತೆಗೆದು ಹೊಸದು ಸುತ್ತಿಕೊಡುವ ಅಂಗಡಿ, ಇಟ್ಟು ಹತ್ತೊಂಬತ್ತು ವರ್ಷಗಳಾದವು. ಹೊಳಲ್ಕೆರೆ, ಭೀಮಸಮುದ್ರದ ಅಡಿಕೆ ತೋಟಗಳಿಂದಲೂ ಹೊಸದುರ್ಗ ಕಡೆಯ ತೆಂಗಿನ ತೋಟಗಳಿಂದಲೂ ಸುಟ್ಟ ಮೋಟರುಗಳು ನನ್ನಲ್ಲಿಗೆ ಬರುತ್ತವೆ. ಮೊದಲ ಹನ್ನೊಂದು ವರ್ಷ ನನ್ನ ಸಂಪಾದನೆಯೆಲ್ಲ ರೈತರ ಮೋಟರು ಸುಡುವುದರ ಮೇಲೆಯೇ ನಿಂತಿತ್ತು. ಹೆಚ್ಚು ಸುಟ್ಟ ತಿಂಗಳು ಒಳ್ಳೆಯ ತಿಂಗಳು. ಅದರಲ್ಲಿ ತಪ್ಪೇನಾದರೂ ಇದೆ ಎಂದು ಆಗ ನನಗೆ ಅನ್ನಿಸಿರಲಿಲ್ಲ.

ಮೋಟರು ತಾನಾಗಿ ಸುಡುವುದು ಅಪರೂಪ. ಕರೆಂಟು ಬರುವ ಮೂರು ಫೇಸುಗಳಲ್ಲಿ ಒಂದು ಹೋದರೆ ಉಳಿದೆರಡರ ಮೇಲೆ ಭಾರ ಬಿದ್ದು ವೈಂಡಿಂಗ್, ಎಂದರೆ ಒಳಗಿನ ತಂತಿಯ ಸುತ್ತು, ಕಾಯುತ್ತದೆ. 415 ವೋಲ್ಟ್ ಇರಬೇಕಾದಲ್ಲಿ 330 ಬಂದರೆ ಮೋಟರು ಹೆಚ್ಚು ಆಂಪ್ಸ್ ಎಳೆದು ಕಾಯುತ್ತದೆ. ಬೋರಿನಲ್ಲಿ ನೀರು ಇಳಿದು ಪಂಪು ಒಣಗಿ ಓಡಿದರೆ ಬುಷ್ಷು ಸವೆದು, ಭಾರ ಹೊರುವ ತ್ರಸ್ಟ್ ಬೇರಿಂಗ್ ಕುಳಿತು, ಕೊನೆಗೆ ತಿರುಗುವ ರೋಟರು ಅದರ ಸುತ್ತ ತಂತಿ ಹೊತ್ತು ನಿಂತಿರುವ ಸ್ಟೇಟರಿಗೆ ಉಜ್ಜುತ್ತದೆ. ಒಂದು ಫೇಸು ಇಲ್ಲದಿದ್ದರೂ ಅದರ ಬದಲಿಗೆ ಕಂಡೆನ್ಸರ್ (ಕೆಪಾಸಿಟರ್) ಹಾಕಿ ಎರಡರಲ್ಲೇ ಓಡಿಸುವ ಅಭ್ಯಾಸ ನಮ್ಮ ಕಡೆ ಸಾಮಾನ್ಯ. ನೀರು ಹರಿಸಲೇಬೇಕಾದ ಒತ್ತಡದಲ್ಲಿ ರೈತ ಹಾಗೆ ಮಾಡುತ್ತಾನೆ, ಅವನನ್ನು ದೂರುವುದು ಸುಲಭವಲ್ಲ. ಇಷ್ಟೆಲ್ಲ ತಿಳಿದಿದ್ದರೂ ನಾನು ಸುಟ್ಟ ತಂತಿ ತೆಗೆದು, ಹೊಸ ತಂತಿ ಸುತ್ತಿ, ಯಾಕೆ ಸುಟ್ಟಿತೆಂಬ ಮಾತನ್ನೇ ಎತ್ತದೆ ಕಳಿಸುತ್ತಿದ್ದೆ. ಆರು ತಿಂಗಳಿಗೆ ಅದೇ ಮೋಟರು ಅದೇ ಟ್ರ್ಯಾಕ್ಟರಿನಲ್ಲಿ ಮತ್ತೆ ಬರುತ್ತಿತ್ತು. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪುಗಳಿಗೆ ವಿದ್ಯುತ್ ಉಚಿತವಾಗಿರುವುದರಿಂದ, ಅರ್ಧಂಬರ್ಧ ರಿಪೇರಿಯಾದ ಮೋಟರು ಹೆಚ್ಚು ಕರೆಂಟು ಎಳೆದರೂ ಬಿಲ್ಲಿನಲ್ಲಿ ಕಾಣುವುದಿಲ್ಲ. ಪೂರ್ತಿ ಸುಟ್ಟ ಮೇಲೆಯೇ ಎಲ್ಲರ ಕಣ್ಣು ತೆರೆಯುತ್ತದೆ.

ಬದಲಾವಣೆ ಶುರುವಾದದ್ದು ತಾಮ್ರದ ತೂಕದಿಂದ. 7.5 ಎಚ್‌ಪಿ ಮೋಟರಿನ ಹೊಟ್ಟೆಯಿಂದ ನನಗೆ ಸಾಮಾನ್ಯವಾಗಿ ಐದಾರು ಕೆ.ಜಿ. ಹಳೆ ತಾಮ್ರ ಸಿಗುತ್ತದೆ. ಅದು ರೈತನ ಸ್ವತ್ತು. ಆದರೆ ಕಸುಬಿನ ರೂಢಿಯಲ್ಲಿ ಅದು ಸದ್ದಿಲ್ಲದೆ ಅಂಗಡಿಯಲ್ಲೇ ಉಳಿದು ತಿಂಗಳ ಕೊನೆಗೆ ಗುಜರಿಗೆ ಹೋಗುತ್ತದೆ. ಹೊಳಲ್ಕೆರೆ ಕಡೆಯ ಹಿರಿಯರೊಬ್ಬರು ಒಮ್ಮೆ ಬಾಗಿಲ ಬಳಿ ಕೂತು, ನಾನು ಸ್ಟೇಟರಿನಿಂದ ಎಳೆದು ಎಸೆಯುತ್ತಿದ್ದ ಕಪ್ಪು ತಂತಿಯ ರಾಶಿಯನ್ನು ಬಹಳ ಹೊತ್ತು ನೋಡಿ, "ತಮ್ಮಾ, ಸುಟ್ಟಿದ್ದಕ್ಕೂ ಬೆಲೆ ಐತೇನಪ್ಪಾ?" ಎಂದು ಕೇಳಿದರು. ಐತಿ ಎಂದೆ. "ಮತ್ತೆ ನಮಗ್ಯಾರೂ ಹೇಳಿಲ್ಲಲ್ಲ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡಿತು. ಅವರ ಎದುರಿಗೇ ತೂಗಿ, ಆ ದಿನದ ಗುಜರಿ ದರದಲ್ಲಿ ಲೆಕ್ಕ ಹಾಕಿ ಬಿಲ್ಲಿನಲ್ಲಿ ಕಳೆದೆ. ಅವತ್ತಿನಿಂದ ನನ್ನ ಬಿಲ್ಲಿನಲ್ಲಿ 'ಹಳೆ ತಾಮ್ರ' ಎಂಬ ಸಾಲು ಖಾಯಂ ಆಯಿತು. ಆ ಸಾಲಿನಿಂದ ಹೋದ ಲಾಭವನ್ನು ತುಂಬಿಕೊಳ್ಳಲು ಮಜೂರಿ ಏರಿಸಬೇಕಾಯಿತು. ಏರಿಸಿದ್ದನ್ನೂ ಬಾಯಿಬಿಟ್ಟು ಹೇಳಿದೆ. ಕೆಲವರು ಬಿಟ್ಟುಹೋದರು. ಲೆಕ್ಕ ನೋಡಿ ಹೊಸಬರನ್ನು ಕರೆತಂದವರು ಅವರಿಗಿಂತ ಹೆಚ್ಚು.

ತಾಮ್ರದ ಬಗ್ಗೆ ಚಿತ್ರದುರ್ಗದವರಿಗೆ ಬೇರೆಯವರು ಹೇಳಿಕೊಡಬೇಕಾದ್ದಿಲ್ಲ. ಊರಿನ ಪಕ್ಕದ ಇಂಗಳದಾಳಿನಲ್ಲಿ ನೆಲ ಅಗೆದು ತಾಮ್ರದ ಅದಿರು ತೆಗೆಯುತ್ತಿದ್ದರು. ಆ ಗಣಿ ನಿಂತುಹೋಗಿ ಬಹಳ ಕಾಲವಾಯಿತು. ಅದಿರಿನಿಂದ ಒಂದು ಕೆ.ಜಿ. ತಾಮ್ರ ತೆಗೆಯಲು ರಾಶಿಗಟ್ಟಲೆ ಕಲ್ಲು ಒಡೆಯಬೇಕು, ಪುಡಿ ಮಾಡಬೇಕು, ಕರಗಿಸಬೇಕು. ಹಳೆ ತಂತಿಯನ್ನು ಕರಗಿಸಿ ಮತ್ತೆ ತಂತಿ ಎಳೆಯಲು ಅದರ ಒಂದು ಸಣ್ಣ ಪಾಲಿನಷ್ಟು ಶಕ್ತಿ ಸಾಕು, ಮತ್ತು ಎಷ್ಟು ಸಲ ಕರಗಿಸಿದರೂ ತಾಮ್ರದ ಗುಣ ಕೆಡುವುದಿಲ್ಲ. ಬಳಸಿದ ವಸ್ತುವನ್ನು ಎಸೆಯದೆ ಮತ್ತೆ ಮತ್ತೆ ಬಳಕೆಗೆ ತರುವ ಆರ್ಥಿಕತೆಗೆ ಈಗ ಸರ್ಕ್ಯುಲರ್ ಎಕಾನಮಿ ಎಂಬ ಹೆಸರಿದೆ. ಅದು ಎಲ್ಲಿ ಮುರಿಯುತ್ತದೆ ಎಂಬುದನ್ನು ನನ್ನ ಅಂಗಡಿಯ ಹಿತ್ತಲೇ ನನಗೆ ತೋರಿಸಿತು. ಹಳೆ ಕೇಬಲ್ಲಿನ ಪಿವಿಸಿ ಹೊದಿಕೆ ಬಿಡಿಸುವ ತಾಳ್ಮೆಯಿಲ್ಲದೆ ವಾರಕ್ಕೊಮ್ಮೆ ಸಂಜೆ ಅದಕ್ಕೆ ಬೆಂಕಿ ಹಚ್ಚುತ್ತಿದ್ದೆವು. ಪಿವಿಸಿ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಡಯಾಕ್ಸಿನ್‌ನಂಥ ವಿಷಗಳೂ ಹುಟ್ಟುತ್ತವೆ. ಆಗ ನನಗೆ ಗೊತ್ತಿದ್ದದ್ದು ಗಂಟಲು ಉರಿಯುತ್ತದೆ ಎಂಬುದಷ್ಟೇ. ನನ್ನ ಜೊತೆ ಕೆಲಸಕ್ಕಿದ್ದ ಹುಡುಗನಿಗೆ ಒಂದು ಚಳಿಗಾಲವೆಲ್ಲ ಕೆಮ್ಮು ಬಿಡಲಿಲ್ಲ. ವೈದ್ಯರು ಏನು ಕೆಲಸ ಮಾಡುತ್ತೀಯಾ ಎಂದು ಕೇಳಿದಾಗ ಅವನು ನನ್ನ ಮುಖ ನೋಡಿದ. ಮರುದಿನದಿಂದ ಬೆಂಕಿ ನಿಲ್ಲಿಸಿದೆ.

ಕೈಯಲ್ಲಿ ತಿರುಗಿಸುವ ಸಣ್ಣ ಸುಲಿಯುವ ಯಂತ್ರ ತಂದೆ. ಅದರಲ್ಲಿ ಬ್ಲೇಡು ಕೇಬಲ್ಲಿನ ಬೆನ್ನನ್ನು ಉದ್ದಕ್ಕೆ ಸೀಳುತ್ತದೆ, ಹೊದಿಕೆ ಬಾಳೆದಿಂಡಿನ ಪದರದಂತೆ ಬಿಚ್ಚಿಕೊಳ್ಳುತ್ತದೆ. ಮೋಟರಿನ ಒಳಗಿನ ವೈಂಡಿಂಗ್ ತಂತಿಯದ್ದು ಬೇರೆ ಕಥೆ. ಅದು ನೀರಿನಲ್ಲೇ ಮುಳುಗಿರಬೇಕಾದ್ದರಿಂದ ಅದಕ್ಕೆ ವಾರ್ನಿಶ್ ಇರುವುದಿಲ್ಲ, ಪ್ಲಾಸ್ಟಿಕ್ಕಿನ ತೆಳು ಪಟ್ಟಿಯನ್ನು ಪದರ ಪದರವಾಗಿ ಸುತ್ತಿರುತ್ತಾರೆ. ಹಾಗಾಗಿ ಗ್ಯಾಸಿನ ಬೆಂಕಿ ತೋರಿಸದೆಯೂ ಒಂದು ತುದಿ ಕತ್ತರಿಸಿ, ತಂತಿ ಕೂರುವ ಸ್ಲಾಟಿನಿಂದ ಒಂದೊಂದೇ ಎಳೆಯನ್ನು ಇಕ್ಕಳದಲ್ಲಿ ಹಿಡಿದು ಎಳೆಯಬಹುದು. ಹೊತ್ತು ಹಿಡಿಯುತ್ತದೆ, ಅಂಗೈ ನೋಯುತ್ತದೆ. ಆದರೆ ಸ್ಟೇಟರಿನ ತಗಡುಗಳಿಗೆ ಅತಿಯಾದ ಶಾಖ ತಾಗದೆ ಅವುಗಳ ನಡುವಿನ ಇನ್ಸುಲೇಷನ್ ಉಳಿಯುತ್ತದೆ, ಮೋಟರು ಇನ್ನೂ ಎರಡು ಮೂರು ಸಲ ರೀವೈಂಡಿಂಗಿಗೆ ತಾಳುತ್ತದೆ. ಸುಲಿದ ತಾಮ್ರಕ್ಕೆ ಸುಟ್ಟ ತಾಮ್ರಕ್ಕಿಂತ ಹೆಚ್ಚು ದರವೂ ಸಿಗುತ್ತದೆ. ಆ ಹೆಚ್ಚಿನ ಹಣದಲ್ಲಿ ಹುಡುಗನ ಹೆಚ್ಚುವರಿ ಹೊತ್ತಿನ ಕೂಲಿ ಹೆಚ್ಚುಕಡಿಮೆ ಹೊರಡುತ್ತದೆ.

ಇಷ್ಟಾದರೂ ಮೂಲ ಪ್ರಶ್ನೆ ಹಾಗೇ ಇತ್ತು: ಮೋಟರು ಸುಟ್ಟರೆ ನನಗೆ ಲಾಭ, ಸುಡದಿದ್ದರೆ ನಷ್ಟ. ಇದನ್ನು ತಿರುಗಿಸಲು ವರ್ಷದ ಕರಾರು ಮಾಡಿದೆ. ರೈತರು ಮೋಟರಿಗೆ ಇಷ್ಟು ಎಂದು ವರ್ಷಕ್ಕೊಮ್ಮೆ ಹಣ ಕೊಡಬೇಕು, ಆ ವರ್ಷದಲ್ಲಿ ಮೋಟರು ಸುಟ್ಟರೆ ರೀವೈಂಡಿಂಗ್ ಖರ್ಚು ನನ್ನದು. ಅದಕ್ಕೆ ಪ್ರತಿಯಾಗಿ ಒಂದು ಫೇಸು ಹೋದರೆ ಮೋಟರು ನಿಲ್ಲಿಸುವ ಫೇಸ್ ಪ್ರಿವೆಂಟರ್ ಮತ್ತು ನೀರು ಖಾಲಿಯಾದರೆ ಮೋಟರು ನಿಲ್ಲಿಸುವ ಸಾಧನ ಸ್ಟಾರ್ಟರಿನಲ್ಲಿ ಇರಲೇಬೇಕು, ಕಂಡೆನ್ಸರ್ ಮುಟ್ಟುವಂತಿಲ್ಲ, ಮಳೆಗಾಲಕ್ಕೆ ಮುಂಚೆ ಒಮ್ಮೆ ನಾನು ಬಂದು ಆಂಪ್ಸ್ ನೋಡುತ್ತೇನೆ. ಮೊದಲ ವರ್ಷ ಒಪ್ಪಿದವರು ಒಂಬತ್ತು ಜನ.

ಆ ಒಂಬತ್ತರಲ್ಲಿ ಒಂದು ಮೋಟರು ಎರಡು ತಿಂಗಳಲ್ಲಿ ಮೂರು ಸಲ ಸುಟ್ಟಿತು. ಮೂರೂ ಸಲ ನನ್ನ ಖರ್ಚು. ಸ್ಟಾರ್ಟರು ಸರಿ ಇತ್ತು, ಬೋರಿನಲ್ಲಿ ನೀರಿತ್ತು. ನಾಲ್ಕನೆಯ ಸಲ ಇಳಿಸುವ ಮುಂಚೆ ಕೇಬಲ್ಲನ್ನು ಅಳೆದೆ. ಮೋಟರು 800 ಅಡಿಯಲ್ಲಿ, ಸ್ಟಾರ್ಟರು ಬೋರಿನಿಂದ 200 ಅಡಿ ದೂರದ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಪಕ್ಕದಲ್ಲಿ, ಒಟ್ಟು ಸುಮಾರು 300 ಮೀಟರ್. ಹಾಕಿದ್ದ ಕೇಬಲ್ 2.5 ಚದರ ಮಿ.ಮೀ. 7.5 ಎಚ್‌ಪಿ ಮೋಟರು ಸುಮಾರು 13 ಆಂಪ್ಸ್ ಎಳೆಯುವಾಗ ಅಷ್ಟು ಉದ್ದದ ಸಣ್ಣ ಕೇಬಲ್ಲಿನಲ್ಲಿ 50 ವೋಲ್ಟಿನಷ್ಟು ದಾರಿಯಲ್ಲೇ ಕರಗುತ್ತದೆ. ಸ್ಟಾರ್ಟರಿನ ಮೀಟರಿನಲ್ಲಿ 370 ತೋರಿಸಿದರೆ ಮೋಟರಿಗೆ ಮುಟ್ಟುತ್ತಿದ್ದದ್ದು 320. ನಾನು ಪ್ರತಿ ಸಲ ಮೇಲಿನ ಮೀಟರನ್ನಷ್ಟೇ ನೋಡಿದ್ದೆ, ಆ ತಪ್ಪಿಗೆ ಮೂರು ವೈಂಡಿಂಗಿನ ಬೆಲೆ ತೆತ್ತೆ. 6 ಚದರ ಮಿ.ಮೀ. ಕೇಬಲ್ ಹಾಕಿಸಿದ ಮೇಲೆ ನಷ್ಟ 20 ವೋಲ್ಟಿನ ಆಸುಪಾಸಿಗೆ ಇಳಿಯಿತು. ಆ ಮೋಟರನ್ನು ಐದು ವರ್ಷಗಳಿಂದ ಮೇಲೆತ್ತಿಲ್ಲ. ಬಿಚ್ಚಿದ ಹಳೆ ಕೇಬಲ್ಲನ್ನು ತುಂಡು ಮಾಡದೆ ಕೊಂಡುಕೊಂಡು, ತೆರೆದ ಬಾವಿಯ 3 ಎಚ್‌ಪಿ ಮೋಟರಿದ್ದ ಇನ್ನೊಬ್ಬರಿಗೆ ಅರ್ಧ ಬೆಲೆಗೆ ಕೊಟ್ಟೆ. ಅಲ್ಲಿ ಅದು ಇವತ್ತಿಗೂ ಕೆಲಸ ಮಾಡುತ್ತಿದೆ.

ಕರಾರಿನ ನಿಜವಾದ ಬೆಲೆ ತಿಳಿದದ್ದು 2022ರಲ್ಲಿ. ಆ ಸೆಪ್ಟೆಂಬರಿನಲ್ಲಿ ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಬಾರಿಗೆ ಕೋಡಿ ಬಿತ್ತು, ನಮ್ಮ ಸುತ್ತಲಿನ ಬೋರುಗಳಲ್ಲಿ ನೀರು ಮೇಲೆ ಬಂತು, ಮೋಟರು ಸುಡುವುದು ಬಹಳ ಕಡಿಮೆಯಾಯಿತು. ಹಿಂದಿನ ಲೆಕ್ಕದಲ್ಲಾದರೆ ಅದು ನನಗೆ ಕೈ ಕಟ್ಟಿ ಕೂರುವ ವರ್ಷ. ಊರಿಗೆಲ್ಲ ನೀರು ಬಂದ ಸಂತೋಷವನ್ನು ನಾನೂ ಪೂರ್ತಿಯಾಗಿ ಪಟ್ಟದ್ದು ಅದೇ ಮೊದಲು. ಮರುವರ್ಷದ ಬರದಲ್ಲಿ ಖರ್ಚು ಏರಿತು ನಿಜ, ಆದರೆ ಹಿಂದಿನ ವರ್ಷ ಉಳಿದದ್ದು ಅದನ್ನು ತಡೆಯಿತು.

ನನ್ನ ಕೈಗೆ ಮೀರಿದ್ದು ಬಿಡಿಭಾಗಗಳು. ಒಂದು ಕಂಪನಿಯ ನಾಲ್ಕು ವರ್ಷ ಹಳೆಯ ಮೋಟರಿಗೆ ತ್ರಸ್ಟ್ ಬೇರಿಂಗ್ ಕೇಳಿದರೆ, ಆ ಮಾದರಿ ನಿಂತಿದೆ, ಹೊಸ ಮೋಟರು ತಗೊಳ್ಳಿ ಎಂದರು. ಇನ್ನು ಕೆಲವು ಸಣ್ಣ ಮೋಟರುಗಳ ವೈಂಡಿಂಗನ್ನು ರೆಸಿನ್ನಿನಲ್ಲಿ ಎರಕ ಹೊಯ್ದಿರುತ್ತಾರೆ, ಸುಟ್ಟರೆ ನಮ್ಮಂಥವರು ಬಿಚ್ಚುವ ಮಾತೇ ಇಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿದಾಗ ಮೊಬೈಲ್, ವಾಹನಗಳ ಜೊತೆಗೆ ಕೃಷಿ ಉಪಕರಣಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಬಿಡಿಭಾಗ ಎಷ್ಟು ವರ್ಷ ಸಿಗಬೇಕೆಂಬುದು ಮಾರುವವನ ಇಚ್ಛೆಗೆ ಬಿಟ್ಟ ವಿಷಯವಾಗಬಾರದು. ಅಂಥ ನಿಯಮ ಬರುವವರೆಗೆ ಮೋಟರು ಕೊಳ್ಳುವ ಮುಂಚೆ ಕೇಳಿದವರಿಗೆಲ್ಲ ನಾನು ಹೇಳುವುದಿಷ್ಟು: ಬಿಚ್ಚಲು ಬರುವುದನ್ನೇ ಕೊಳ್ಳಿ, ಬುಷ್ಷು ಬೇರಿಂಗು ಊರಿನಲ್ಲೇ ಸಿಗುತ್ತವೆಯೇ ಎಂದು ಮೊದಲು ವಿಚಾರಿಸಿ.

ಈಗ ಕರಾರಿನಲ್ಲಿ ಅರವತ್ತೆರಡು ಮೋಟರುಗಳಿವೆ. ತಾಮ್ರವನ್ನು ತಂತಿ ವ್ಯಾಪಾರಿಯೇ ತೂಗಿ ಹೊಸ ತಂತಿಯ ಬೆಲೆಯಲ್ಲಿ ಕಳೆದುಕೊಡುತ್ತಾರೆ. ಪಿವಿಸಿ ಹೊದಿಕೆಯನ್ನು ಗುಜರಿಯವರು ಒಯ್ಯುತ್ತಾರೆ. ವೈಂಡಿಂಗ್ ತಂತಿಯಿಂದ ಬಿಚ್ಚಿದ, ಮಸಿ ಮೆತ್ತಿದ ಪ್ಲಾಸ್ಟಿಕ್ ಪಟ್ಟಿಗಳನ್ನು ಮಾತ್ರ ಯಾರೂ ಕೊಳ್ಳುವುದಿಲ್ಲ. ಅವುಗಳ ಹನ್ನೊಂದು ಚೀಲಗಳು ಅಂಗಡಿಯ ಹಿಂದಿನ ಕೋಣೆಯಲ್ಲಿವೆ. ಬೆಂಕಿ ಹಚ್ಚಿಲ್ಲ, ಕಸದ ಗಾಡಿಗೂ ಹಾಕಿಲ್ಲ, ಒಯ್ಯುವವರನ್ನು ದಾವಣಗೆರೆಯಲ್ಲಿಯೂ ಹುಡುಕುತ್ತಿದ್ದೇನೆ.