ಹಬ್‌ವರೆಗೆ ಬಂದು ನಿಲ್ಲುತ್ತಿದ್ದ ಮಲ್ಟಿಕಾಸ್ಟ್

ಸಿಸ್ಕೊ ಡಿಎಂವಿಪಿಎನ್: ಕೇಂದ್ರದ ರೂಟರ್ ‘ಹಬ್’, ಅದಕ್ಕೆ ಟನಲ್‌ನಿಂದ ಸೇರುವ ಶಾಖೆಗಳ ರೂಟರ್‌ಗಳು ‘ಸ್ಪೋಕ್’. ಅದರ ಮೇಲೆ ಮಲ್ಟಿಕಾಸ್ಟ್, ಅಂದರೆ ಒಂದೇ ಹರಿವು ಕೇಳಿದವರಿಗೆಲ್ಲ. ಕಳಿಸುವವರೂ ಕೇಳುವವರೂ ಸಂಧಿಸುವ ರೂಟರ್, ಅಂದರೆ ಆರ್‌ಪಿ, ಹಬ್‌ನಲ್ಲೇ. ಹಬ್ ಹಿಂದಿನ ಸರ್ವರ್‌ನ ವಿಡಿಯೊ ಎಲ್ಲ ಸ್ಪೋಕ್‌ಗಳಿಗೂ ಬರುತ್ತಿತ್ತು. ಸ್ಪೋಕ್‌ನಿಂದ ಸ್ಪೋಕ್‌ಗೆ ಮಾತ್ರ ಇಲ್ಲ. ಹಬ್‌ನಲ್ಲಿ ‘ಶೋ ಐಪಿ ಎಂರೌಟ್ 239.1.1.1’ (ಆ ವಿಡಿಯೊದ ಮಲ್ಟಿಕಾಸ್ಟ್ ವಿಳಾಸ) ಕೊಟ್ಟರೆ ಒಳಬರುವ ಇಂಟರ್‌ಫೇಸ್ ಟನಲ್0, ಹೊರಹೋಗುವ ಪಟ್ಟಿ ‘ನಲ್’, ಅಂದರೆ ಖಾಲಿ. ಬಂದ ಇಂಟರ್‌ಫೇಸ್‌ನಲ್ಲೇ ಮಲ್ಟಿಕಾಸ್ಟನ್ನು ವಾಪಸ್ ಕಳಿಸಲು ಮಲ್ಟಿಕಾಸ್ಟ್ ದಾರಿ ನೋಡುವ ಪ್ರೋಟೊಕಾಲ್ ಪಿಮ್ ಒಪ್ಪುವುದಿಲ್ಲ. ಹಬ್‌ಗೋ ಎಲ್ಲ ಸ್ಪೋಕ್‌ಗಳೂ ಇರುವುದು ಒಂದೇ ಟನಲ್‌ನಲ್ಲಿ.

ಹಬ್ ಟನಲ್‌ಗೆ ‘ಐಪಿ ಪಿಮ್ ಎನ್‌ಬಿಎಂಎ-ಮೋಡ್’ ಹಾಕಿದೆ. ಪಟ್ಟಿಯಲ್ಲಿ ‘ಟನಲ್0, 10.0.0.3’ ಎಂದು ಜಾಯಿನ್ (‘ನನಗೂ ಬೇಕು’ ಎಂಬ ಕೋರಿಕೆ) ಕಳಿಸಿದ ಸ್ಪೋಕ್‌ನ ವಿಳಾಸವೇ ಬಂತು, ವಿಡಿಯೊ ಹರಿಯಿತು. ಇದಕ್ಕೆ ಪಿಮ್‌ನ ಸ್ಪಾರ್ಸ್ ಮೋಡ್ (ಕೇಳಿದವರಿಗಷ್ಟೇ ಕಳಿಸುವ ಬಗೆ) ಇರಲೇಬೇಕು. ಒಂದು ಸ್ಪೋಕ್‌ನ ಪ್ರೂನ್‌ನಿಂದ (‘ಸಾಕು’ ಎಂಬ ಸಂದೇಶ) ಉಳಿದವರ ವಿಡಿಯೊ ಕಡಿದುಹೋಗುವ ಕಾಟವೂ ಇದರಿಂದಲೇ ತಪ್ಪುತ್ತದೆ.

ಸ್ಪೋಕ್‌ಗಳಲ್ಲಿ ‘ಐಪಿ ಪಿಮ್ ಎಸ್‌ಪಿಟಿ-ಥ್ರೆಶೋಲ್ಡ್ ಇನ್ಫಿನಿಟಿ’ ಹಾಕಲು ಮರೆಯಬೇಡಿ, ಆಗ ಅವು ಆರ್‌ಪಿಯ ದಾರಿಯಲ್ಲೇ ಉಳಿಯುತ್ತವೆ: ಕಳಿಸುವ ಸ್ಪೋಕ್‌ನತ್ತ ನೇರ ದಾರಿ ಹಿಡಿಯಲು ಹೋದರೆ ಆ ಕಡೆ ಪಿಮ್ ನೆರೆಯವನೇ ಇರುವುದಿಲ್ಲ. ಡಿಆರ್ (ಆ ಟನಲ್‌ನ ಪರವಾಗಿ ಪಿಮ್ ಆರಿಸುವ ಮುಖ್ಯ ರೂಟರ್) ಹಬ್ ರೂಟರೇ ಆಗಿರಲಿ, ಸ್ಪೋಕ್ ಟನಲ್‌ಗಳಲ್ಲಿ ‘ಡಿಆರ್-ಪ್ರಯಾರಿಟಿ 0’ ಕೊಡಿ.